ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟ ತಾಯಿಗೆ ಮೂರು ಪೋಲ್ಕಾ ಸಾಕು



"ಕೂಸಿಗೆ ಮೂರು ತಿಂಗಳು ತುಂಬ್ಯಾವ ಅಕ್ಕಾ. ಸೋಮವಾರದಿಂದ ಕೆಲಸಕ್ಕ ಹೋಗಬೇಕು. ಪೆಟ್ಟಿಗಿ ತೆಗೆದು ನೋಡಿದ್ರ ಒಂದು ಪೋಲ್ಕಾನೂ ಮೈಗೆ ಬರವಲ್ದು."

ಬೀದರ ನಗರದ ಅಂಗಡಿಯಲ್ಲಿ ದುಡಿಯುವ ತಂಗಿಯಾಗಲಿ, ಭಾಲ್ಕಿಯ ಅಂಗನವಾಡಿ ಸಹಾಯಕಿಯಾಗಲಿ, ಔರಾದ ಕಡೆ ತೊಗರಿ ಹೊಲಕ್ಕೆ ಹೋಗುವ ತಾಯಿಯಾಗಲಿ, ಹೀಗೆ ಹೇಳುವವರು ಬಹಳ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಇದು ನಗುವ ಮಾತಲ್ಲ. ಬಟ್ಟೆ ಸರಿಯಿಲ್ಲವೆಂದು ನಾಚಿ ಒಬ್ಬಳು ಕೆಲಸವನ್ನೇ ಬಿಡುತ್ತಾಳೆ. ಇನ್ನೊಬ್ಬಳು ಸಾಲ ಮಾಡಿ ಹೊಸದು ಹೊಲಿಸುತ್ತಾಳೆ. ಮತ್ತೊಬ್ಬಳು ಬಿಗಿ ಪೋಲ್ಕಾ ತೊಟ್ಟು, ಹಾಲು ಕುಡಿಸಲು ಆಗದೆ, ಕೂಸಿಗೆ ಬಾಟಲಿ ಹಿಡಿಸುತ್ತಾಳೆ. ಈ ಮೂರೂ ಆಗಬಾರದು ಎಂಬುದೇ ಈ ಪಾಠದ ಉದ್ದೇಶ.

ಮೊದಲು ತಿಳಿಯಬೇಕಾದದ್ದು

ಒಂಬತ್ತು ತಿಂಗಳು ಹಿಗ್ಗಿದ ಮೈ ಒಂದೇ ದಿನಕ್ಕೆ ಕುಗ್ಗುವುದಿಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು. ಹೊಟ್ಟೆ, ಸೊಂಟಕ್ಕೆ ಇನ್ನೂ ಹೆಚ್ಚು ತಿಂಗಳು ಹಿಡಿಯುತ್ತದೆ. ಹಾಲುಣಿಸುವ ತನಕ ಎದೆ ತುಂಬಿಯೇ ಇರುತ್ತದೆ. ಇದು ರೋಗವಲ್ಲ, ನಾಚಿಕೆಯೂ ಅಲ್ಲ.

ಬಿಗಿ ಬಟ್ಟೆ ಎದೆಯನ್ನು ಒತ್ತಿದರೆ ಹಾಲು ಕಟ್ಟಿ ಗಂಟಾಗುತ್ತದೆ, ಬಾವು ಬಂದು ಜ್ವರವೂ ಬರಬಹುದು. ಹಾಗಾದರೆ ಹಾಲು ಕುಡಿಸುವುದನ್ನು ನಿಲ್ಲಿಸದೆ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮೊದಲ 6 ತಿಂಗಳು ಕೂಸಿಗೆ ತಾಯಿಯ ಹಾಲಷ್ಟೇ ಸಾಕು, ನೀರೂ ಬೇಡ. ಆದ್ದರಿಂದ ಈ ದಿನಗಳ ಬಟ್ಟೆ ತಾಯಿಗೂ ಸರಿಹೊಂದಬೇಕು, ಕೂಸಿಗೂ ಅನುಕೂಲವಾಗಬೇಕು.

ಮನೆಯಲ್ಲಿ ಇದ್ದುದರಲ್ಲೇ

1. ಸೀರೆಯನ್ನು ಬದಲಿಸಬೇಕಿಲ್ಲ. ಮೈ ಹಿಗ್ಗಲಿ, ಕುಗ್ಗಲಿ, ಸೀರೆ ಹೊಂದಿಕೊಳ್ಳುತ್ತದೆ. ತೊಂದರೆ ಇರುವುದು ಪೋಲ್ಕಾದಲ್ಲಿ. ಸಮವಸ್ತ್ರದ ಸೀರೆಗೂ ಇದೇ ಮಾತು.

2. ಹಳೆ ಪೋಲ್ಕಾ ತಿರುವಿ ನೋಡಿರಿ. ಬಗಲಿನ ಹೊಲಿಗೆ ಒಳಗೆ ಬಟ್ಟೆ ಉಳಿದಿದ್ದರೆ ಹೊಲಿಗೆ ಬಿಚ್ಚಿರಿ. ಎರಡೂ ಬಗಲಲ್ಲಿ, ಹಿಂದಿನ ಮತ್ತು ಮುಂದಿನ ತುಂಡಿಗೆ ಅರ್ಧ ಅರ್ಧ ಇಂಚು ಬಿಟ್ಟರೆ ಸುತ್ತಳತೆ 2 ಇಂಚು ಹೆಚ್ಚುತ್ತದೆ.

3. ಒಳಗೆ ಬಟ್ಟೆ ಇಲ್ಲದಿದ್ದರೆ ಎರಡೂ ಬಗಲಿಗೆ ಒಂದೊಂದು ಪಟ್ಟಿ ಸೇರಿಸಿರಿ. ಸೆರಗಿನ ಮರೆಯಲ್ಲಿ ಅದು ಕಾಣುವುದಿಲ್ಲ.

4. ಲಂಗದ ಲಾಡಿಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿರಿ. ಆಪರೇಷನ್ ಹೆರಿಗೆಯಾದವರು ತೆಳು ಲಾಡಿ ತೆಗೆದು ಎರಡು ಬೆರಳು ಅಗಲದ ಬಟ್ಟೆಯ ಪಟ್ಟಿ ಹಾಕಿ, ಹೊಲಿಗೆಯ ಗಾಯಕ್ಕೆ ತಾಗದಂತೆ ಕಟ್ಟಬೇಕು.

5. ಹೊಲಕ್ಕೆ ಹೋಗುವವರು ಸೀರೆಯ ಮೇಲೆ ಗಂಡನ ಹಳೆ ಅಂಗಿ ಹಾಕುವುದು ನಮ್ಮ ಕಡೆ ಇದ್ದದ್ದೇ. ಬಾಣಂತಿಗೆ ಅದು ಇನ್ನೂ ಒಳ್ಳೆಯದು. ಗುಂಡಿ ಮುಂದೆ ಇರುತ್ತದೆ, ಸಡಿಲವಾಗಿರುತ್ತದೆ, ಚಳಿ-ಬಿಸಿಲು ತಡೆಯುತ್ತದೆ.

6. ಹಾಲು ಸೋರಿ ಕಲೆಯಾಗುತ್ತದೆಂದು ಹೆದರಬೇಡಿರಿ. ಹಳೆ ಧೋತರವನ್ನು ಅಂಗೈಯಗಲ ಕತ್ತರಿಸಿ, ಐದಾರು ಪದರ ಸೇರಿಸಿ ಹೊಲಿದು ಪೋಲ್ಕಾದೊಳಗೆ ಇಟ್ಟುಕೊಳ್ಳಿರಿ. ದಿನಾ ತೊಳೆದು ಬಿಸಿಲಿಗೆ ಒಣಗಿಸಿರಿ.

ಹೊಲಿಸಲೇಬೇಕಾದರೆ

ಮೂರು ಪೋಲ್ಕಾ ಸಾಕು. ಒಂದು ಮೈಮೇಲೆ, ಒಂದು ಒಣಗಲು, ಒಂದು ಚೀಲದಲ್ಲಿ. ನಾಲ್ಕಾರು ಸೀರೆಗೆ ಹೊಂದುವ ಕಪ್ಪು ಅಥವಾ ಕಂದು ಬಣ್ಣದ ಕಾಟನ್ ಬಟ್ಟೆ ಆರಿಸಿರಿ. ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಇಲ್ಲವಾದರೆ ಆಮೇಲೆ ಕುಗ್ಗುತ್ತದೆ. ಹುಕ್ಕು ಮುಂದೆ ಇರಲಿ. ಟೇಲರ್‌ಗೆ ಹೀಗೆ ಹೇಳಿರಿ: "ಒಳಗ ಒಂದು ಇಂಚು ಬಟ್ಟಿ ಬಿಡ್ರಿ, ಮೈ ಇಳಿದ ಮ್ಯಾಲ ಸಣ್ಣದು ಮಾಡಸ್ತೀನಿ." ಆಗ ಸ್ವಲ್ಪ ದಿನದ ಪೋಲ್ಕಾ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಚೂಡಿದಾರ್ ಅಥವಾ ಬುರ್ಖಾ ಹಾಕುವವರು ಎದೆಯ ತನಕ ಗುಂಡಿಯಿರುವ ಎರಡು ಸಡಿಲ ಕುರ್ತಾ ಹೊಲಿಸಿದರೆ ಆಯಿತು.

ಬಟ್ಟೆ ತರಲು ಎಲ್ಲರೂ ಬೀದರಿಗೆ ಹೋಗಬೇಕಿಲ್ಲ. 2023 ರ ಜೂನ್ 11 ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ, ನಿಜ. ಆದರೆ ಒಂದು ದಿನದ ಕೂಲಿ ಹೋಗುತ್ತದಲ್ಲ! ಸಂಘದ ಒಬ್ಬರು ಹೋಗಿ ಎಲ್ಲರಿಗೂ ಸೇರಿಸಿ ತರಲಿ.

ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಬರುವ 5,000 ರೂಪಾಯಿಯನ್ನು ಬಟ್ಟೆಗೆ ಖರ್ಚು ಮಾಡಬೇಡಿರಿ. ಅದು ತಾಯಿಯ ಊಟಕ್ಕೆ, ವಿಶ್ರಾಂತಿಗೆ ಬಂದ ಹಣ.

ಬಾಣಂತಿ ಗಂಟು

ಒಬ್ಬಳಿಗೆ ಆರು ತಿಂಗಳು ಬೇಕಾದ ಪೋಲ್ಕಾ ಆಮೇಲೆ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅಂಥವನ್ನು ಸಂಘದಲ್ಲಿ ಒಂದು ಗಂಟು ಕಟ್ಟಿ ಇಡೋಣ. ಬೇಕಾದವರು ಪುಸ್ತಕದಲ್ಲಿ ಬರೆಸಿ ಒಯ್ಯಲಿ, ಕೆಲಸ ಮುಗಿದ ಮೇಲೆ ತೊಳೆದು ತಂದು ಕೊಡಲಿ, ಆದರೆ ತಮ್ಮದೂ ಒಂದು ಸೇರಿಸಲಿ.

"ಇನ್ನೊಬ್ಬರು ತೊಟ್ಟಿದ್ದು ನಾ ಹೆಂಗ ತೊಡಲಿ?" ಎಂದು ಕೇಳುವವರಿದ್ದಾರೆ. ಹುಟ್ಟಿದ ಕೂಸಿಗೆ ನಾವು ಮೊದಲು ಹಾಕುವುದೇ ಹಳೆ ಮೆತ್ತನೆ ಬಟ್ಟೆ. ಕೂಸಿಗೆ ಒಳ್ಳೆಯದಾದದ್ದು ತಾಯಿಗೆ ನಾಚಿಕೆ ಹೇಗಾದೀತು? ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿ ತಬಿಥಾ ಎಂಬ ಹೆಣ್ಣುಮಗಳ ಕಥೆ ಇದೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ, ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಸಂತ ಪೇತ್ರರಿಗೆ ತೋರಿಸಿದರು. ಸೂಜಿ-ದಾರದಿಂದಲೂ ಸೇವೆ ಮಾಡಬಹುದು.

ನಿಮ್ಮ ಹಕ್ಕು

ಹೆರಿಗೆ ಸೌಲಭ್ಯ ಕಾನೂನು ಅನ್ವಯಿಸುವ ಕಡೆ ಕೆಲಸ ಮಾಡುವ ತಾಯಿಗೆ, ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು. 1961 ರ ಕಾಯ್ದೆಯಲ್ಲಿದ್ದ ಈ ಹಕ್ಕು 2020 ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗಳೂ ಇದರಲ್ಲಿ ಸೇರುತ್ತವೆ. ಕೇಳಲು ಹಿಂಜರಿಯಬೇಡಿರಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಈಗ ಬಾಣಂತಿಯರು, ಬಸುರಿಯರು ಎಷ್ಟು ಜನ? ಯಾರು ಯಾವಾಗ ಕೆಲಸಕ್ಕೆ ಹೊರಡುತ್ತಾರೆ?
2. ಹೊಲಿಗೆ ಬರುವವರು ಯಾರು? ತಿಂಗಳಿಗೆ ಒಂದು ಮಧ್ಯಾಹ್ನ ಕೊಡಬಲ್ಲರೇ?
3. ಬಾಣಂತಿ ಗಂಟು ಯಾರ ಮನೆಯಲ್ಲಿ ಇಡೋಣ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಪೆಟ್ಟಿಗೆಯಲ್ಲಿ ಸುಮ್ಮನೆ ಇರುವ ಒಂದು ಸಡಿಲ ಪೋಲ್ಕಾ ತೊಳೆದು ತನ್ನಿರಿ.