ದೂರು ಕೊಡುವ ಮುನ್ನ ಆ ಕ್ಲಿಪ್ ಯಾರಿಗೂ ಕಳಿಸಬೇಡಿ

ಟಿ.ವಿ.ಯಲ್ಲಿ ಬಂದ ಅಸಹ್ಯ ದೃಶ್ಯದ ಮೇಲೆ ದೂರು ಕೊಡಬೇಕೆಂದು ಬರುವವರಲ್ಲಿ ಬಹುಪಾಲು ಜನ ನನ್ನ ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಕೈಲಿದ್ದ ಅವಕಾಶ ಕಳೆದುಕೊಂಡಿರುತ್ತಾರೆ. ಕೆಲವರು ದೂರುದಾರರಾಗುವ ಬದಲು ಆರೋಪಿಗಳಾಗಿಯೇ ಬರುತ್ತಾರೆ. ಇವರಿಗೆ ಕಾನೂನಿನಲ್ಲಿ ದಾರಿ ಇದೆ, ಅದೂ ಖರ್ಚಿಲ್ಲದ ದಾರಿ. ಅದನ್ನು ಹೇಳಿಕೊಡಬೇಕಾದವರು ಯಾರೂ ಹೇಳಿಕೊಟ್ಟಿಲ್ಲ ಎಂಬುದೇ ನನ್ನ ಸಿಟ್ಟು.

2025ರ ಮೇ ತಿಂಗಳಲ್ಲಿ ಉಲ್ಲು ಆ್ಯಪ್‌ನ ‘ಹೌಸ್ ಅರೆಸ್ಟ್’ ಎಂಬ ರಿಯಾಲಿಟಿ ಷೋದ ತುಣುಕೊಂದು ದೇಶದ ತುಂಬ ಹರಿದಾಡಿತು. ಲೈಂಗಿಕ ಭಂಗಿಗಳನ್ನು ಅಭಿನಯಿಸಿ ತೋರಿಸುವಂತೆ ಸ್ಪರ್ಧಿಗಳಿಗೆ ಹೇಳುವ ದೃಶ್ಯ ಅದು. ರಾಷ್ಟ್ರೀಯ ಮಹಿಳಾ ಆಯೋಗ ಸಮನ್ಸ್ ಕಳಿಸಿತು, ಷೋ ತೆರವಾಯಿತು. ಆ ದಿನಗಳಲ್ಲೇ ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲ್ ಮೇಷ್ಟ್ರೊಬ್ಬರು ಆ ತುಣುಕನ್ನು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ‘ಮಕ್ಕಳ ಫೋನಿಗೂ ಇದು ಬರ್ತಿದೆ, ಎಲ್ಲರೂ ಖಂಡಿಸಿ’ ಎಂದು ಕೆಳಗೆ ಬರೆದರು. ಗ್ರೂಪಿನಲ್ಲಿದ್ದ ತಂದೆಯೊಬ್ಬರು, ಹೆಣ್ಣುಮಕ್ಕಳಿರುವ ಗ್ರೂಪಿಗೆ ಮೇಷ್ಟ್ರು ಅಶ್ಲೀಲ ವಿಡಿಯೊ ಕಳಿಸಿದ್ದಾರೆಂದು ನೇರ ಠಾಣೆಗೆ ಹೋದರು. ಫೋನ್ ಜಪ್ತಿಯಾಯಿತು, ಇಲಾಖೆಯಿಂದ ಕಾರಣ ಕೇಳಿ ನೋಟಿಸ್ ಬಂತು. ಸೇವೆಯುದ್ದಕ್ಕೂ ಒಂದು ಕಪ್ಪುಚುಕ್ಕೆ ಇಲ್ಲದ ಮನುಷ್ಯ ನನ್ನೆದುರು ಕೂತು ಮಾತಾಡಲಾರದೆ ಅತ್ತರು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅಶ್ಲೀಲವಾದದ್ದನ್ನು ಪ್ರಕಟಿಸುವುದನ್ನಷ್ಟೇ ಅಲ್ಲ, ರವಾನಿಸುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಲೈಂಗಿಕ ಕ್ರಿಯೆ ಬಿಚ್ಚಿ ತೋರಿಸುವಂಥದ್ದಾದರೆ 67ಎ: ಐದು ವರ್ಷ, 10 ಲಕ್ಷ. ನೀವು ಖಂಡಿಸಲು ಕಳಿಸಿದಿರೋ ಚಪಲಕ್ಕೆ ಕಳಿಸಿದಿರೋ ಎಂಬುದು ಆಮೇಲೆ ಕೋರ್ಟಿನಲ್ಲಿ ಆಡುವ ವಾದ. ಕಳಿಸಿದ್ದು ಹೌದೋ ಅಲ್ಲವೋ ಎಂಬುದನ್ನಷ್ಟೇ ಠಾಣೆಯಲ್ಲಿ ಮೊದಲು ನೋಡುತ್ತಾರೆ. ದೃಶ್ಯದಲ್ಲಿ ಮಗು ಇದ್ದರಂತೂ ಪೋಕ್ಸೊ ಕಾಯ್ದೆಯೂ ಬಂದು ಸೇರುತ್ತದೆ, ಆಗ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ‘ಟಿ.ವಿ.ಯಲ್ಲೇ ಬಂದಿದೆ, ನಾನು ಕಳಿಸಿದರೇನು’ ಎಂಬ ಧೈರ್ಯ ಬೇಡ.

ಇದೇ ಅಭ್ಯಾಸದಿಂದ ಇನ್ನೊಂದು ನಷ್ಟವೂ ಇದೆ. ನೂರು ಜನ ಹಂಚಿ, ಇನ್ನೂರು ಜನ ‘ಥೂ’ ಎಂದು ಬರೆದ ಮೇಲೆ ದೂರು ಕೊಟ್ಟಾಯಿತೆಂದು ಮನಸ್ಸು ತಣಿಯುತ್ತದೆ. ದೂರು ಎಲ್ಲೂ ದಾಖಲಾಗಿರುವುದಿಲ್ಲ. ಚಾನೆಲ್‌ಗಳು ತಾವು ಪ್ರಸಾರ ಮಾಡಿದ್ದರ ದಾಖಲೆಯನ್ನು 90 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆ ಗಡುವು ದಾಟಿದ ಮೇಲೆ ನಿಮ್ಮ ಕೈಲಿ ಉಳಿಯುವುದು ಎಲ್ಲಿಂದಲೋ ಬಂದ, ಹಿಂದುಮುಂದು ಕತ್ತರಿಸಿದ, ತಾರೀಖಿಲ್ಲದ ಮೂವತ್ತು ಸೆಕೆಂಡ್. ‘ಇದು ನಮ್ಮದಲ್ಲ, ತಿರುಚಿದ್ದು’ ಎಂದು ಚಾನೆಲ್‌ನ ವಕೀಲರು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ.

ಹಾಗಾಗಿ ದೃಶ್ಯ ಕಂಡ ಕೂಡಲೇ ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಸರಿ, ಬರೆದಿಟ್ಟುಕೊಳ್ಳಿ: ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ-ನಿಮಿಷ, ಕಂಡದ್ದು ಏನು ಎಂಬ ಎರಡು ಸಾಲು. ಪ್ರೋಮೋ ಆದರೆ ಅದು ಯಾವ ಕಾರ್ಯಕ್ರಮದ ನಡುವೆ ಬಂತೆಂಬುದೂ ಬೇಕು, ಏಕೆಂದರೆ ಅದು ದಿನಕ್ಕೆ ಹತ್ತು ಸಲ ಬರುತ್ತದೆ. ವಿಡಿಯೊ ಲಗತ್ತಿಸಬೇಕಿಲ್ಲ. ದಾಖಲೆ ಚಾನೆಲ್‌ನವರ ಬಳಿಯೇ ಇರುತ್ತದೆ, ವೇಳೆ ಸರಿಯಾಗಿ ಬರೆದರೆ ಸಾಕು.

ಇನ್ನು ದೂರಿನಲ್ಲಿ ಏನು ಬರೆಯಬೇಕು? ನನ್ನ ಮುಂದೆ ಬಂದ ಅರ್ಜಿಯೊಂದು ಮೂರು ಪುಟವಿತ್ತು. ಪುಟಪುಟದಲ್ಲೂ ‘ಭಾರತೀಯ ಸಂಸ್ಕೃತಿಗೆ ಧಕ್ಕೆ’, ನಟಿಯ ಬಟ್ಟೆಯ ವರ್ಣನೆ ಒಂದಿಡೀ ಪುಟ. ಚಾನೆಲ್ ಹೆಸರು ಕೊನೆಗೂ ಸಿಗಲಿಲ್ಲ. ಅರ್ಜಿದಾರರನ್ನು ಕೂರಿಸಿ ಕೇಳಿದಾಗ ಅವರನ್ನು ಕದಡಿದ್ದು ಬಟ್ಟೆಯೇ ಅಲ್ಲ ಎಂದು ಗೊತ್ತಾಯಿತು. ಧಾರಾವಾಹಿಯ ನಾಯಕ ಹುಡುಗಿಯನ್ನು ಕೋಣೆಗೆ ಎಳೆದು ಚಿಲಕ ಹಾಕುತ್ತಾನೆ, ಅವಳು ಬೇಡ ಬೇಡ ಎನ್ನುತ್ತಾಳೆ, ಹಿಂದೆ ಪ್ರೇಮಗೀತೆಯ ರಾಗ. ಮರುದಿನ ಮೊಮ್ಮಗಳು ‘ಅಜ್ಜೀ, ಅವನು ಒಳ್ಳೆಯವನಾ?’ ಎಂದು ಕೇಳಿದ್ದಳಂತೆ. ದೂರು ಅದೇ. ಅರ್ಜಿಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ.

ಬರೀ ಮೈ ಕಂಡಿತೆಂಬ ದೂರು ಕಾನೂನಿನ ಮುಂದೆ ದುರ್ಬಲ. ‘ಬ್ಯಾಂಡಿಟ್ ಕ್ವೀನ್’ ಚಿತ್ರದ ಪ್ರಕರಣದಲ್ಲಿ 1996ರಲ್ಲೂ, ಅವೀಕ್ ಸರ್ಕಾರ್ ಪ್ರಕರಣದಲ್ಲಿ 2014ರಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನಗ್ನತೆ ಇದ್ದ ಮಾತ್ರಕ್ಕೆ ಅಶ್ಲೀಲವಾಗುವುದಿಲ್ಲ, ಸಂದರ್ಭ ನೋಡಬೇಕು. ಇದು ಸರಿಯಾದ ತೀರ್ಪೆಂದೇ ನಾನು ನಂಬುತ್ತೇನೆ. 2022ರ ಜೂನ್‌ನಲ್ಲಿ ‘ಲೇಯರ್ ಶಾಟ್’ ಎಂಬ ಸುಗಂಧದ ಜಾಹೀರಾತಿಗೆ ಏನಾಯಿತು ನೋಡಿ. ಅದರಲ್ಲಿ ನಗ್ನತೆ ಇರಲೇ ಇಲ್ಲ. ಒಂಟಿ ಹೆಣ್ಣಿನ ಹಿಂದೆ ನಾಲ್ವರು ಗಂಡಸರು ನಿಂತು ಆಡುವ ದ್ವಂದ್ವಾರ್ಥದ ಮಾತು, ಅವಳ ಮುಖದಲ್ಲಿ ಭಯ, ಅಷ್ಟೇ. ಸಾಮೂಹಿಕ ಅತ್ಯಾಚಾರವನ್ನು ತಮಾಷೆ ಮಾಡಿದ್ದಾರೆಂದು ಜನ ಕೆರಳಿದರು. ಕೆಲವೇ ದಿನಗಳಲ್ಲಿ ಜಾಹೀರಾತು ಮಾನದಂಡ ಮಂಡಳಿ (ಆಸ್ಕಿ) ಅದನ್ನು ತಡೆಹಿಡಿಯಿತು, ಟ್ವಿಟರ್, ಯೂಟ್ಯೂಬ್‌ನಿಂದ ತೆಗೆಯಿರೆಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆದೇಶಿಸಿತು, ಕಂಪನಿ ಕ್ಷಮೆ ಕೇಳಿತು. ಹೆಣ್ಣಿನ ಮೇಲಿನ ಆಕ್ರಮಣವನ್ನು ರಂಜನೆ ಮಾಡಿದ್ದಾರೆ ಎಂಬ ದೂರಿಗೆ ಇರುವ ಬಲ ಇದು.

ಆದ್ದರಿಂದ ನಟಿಯ ಬಟ್ಟೆ ಬಿಟ್ಟುಬಿಡಿ. ಆಕೆ ನಿಮ್ಮ ಎದುರಾಳಿ ಅಲ್ಲ. ಹೀಗೆ ಬರೆಯಿರಿ: ‘ಇಂಥ ತಾರೀಖು ರಾತ್ರಿ 7.42ಕ್ಕೆ ಪ್ರಸಾರವಾದ ದೃಶ್ಯದಲ್ಲಿ ಹೆಣ್ಣಿನ ಒಪ್ಪಿಗೆ ಇಲ್ಲದೆ ನಡೆದ ಬಲವಂತವನ್ನು ಪ್ರೀತಿಯೆಂದು ತೋರಿಸಲಾಗಿದೆ. ಮಕ್ಕಳು ಟಿ.ವಿ. ಮುಂದಿರುವ ವೇಳೆ ಇದು. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳ 6ನೇ ನಿಯಮದ ಉಲ್ಲಂಘನೆ.’ ಆ 6ನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಸುರುಚಿ ಮೀರಿದ್ದು, ಅಶ್ಲೀಲವಾದದ್ದು, ಹೆಣ್ಣನ್ನು ಕೀಳಾಗಿ ಚಿತ್ರಿಸಿದ್ದು ಪ್ರಸಾರವಾಗಬಾರದು, ಮಕ್ಕಳಿಗೆ ಸಲ್ಲದ್ದನ್ನು ಅವರು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಹಾಕಬಾರದು ಎನ್ನುತ್ತದೆ. ಜಾಹೀರಾತಾದರೆ 7ನೇ ನಿಯಮ ಬರೆಯಿರಿ.

ಕೊಡುವುದು ಎಲ್ಲಿ? 2021ರ ಜೂನ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮೊದಲು ಚಾನೆಲ್‌ನ ಕುಂದುಕೊರತೆ ಅಧಿಕಾರಿಗೆ, ಇ-ಮೇಲ್‌ನಲ್ಲಿ. 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಜನ ಎಡವುವುದು ಇಲ್ಲಿಯೇ. ಉತ್ತರ ಬರಲಿ ಎಂದು ಕಾಯುತ್ತ ಕೂರುತ್ತಾರೆ. 15 ದಿನ ಮೌನ ಎಂದರೆ ಅದೇ ಉತ್ತರ. 16ನೇ ದಿನದಿಂದ ನಿಮ್ಮ ಗಡುವು ಓಡುತ್ತಿರುತ್ತದೆ. ಮೇಲ್ಮನವಿಯನ್ನು ಆ ಸಂಸ್ಥೆ 60 ದಿನದಲ್ಲಿ ಮುಗಿಸಬೇಕು. ಅಲ್ಲೂ ಸಮಾಧಾನವಾಗದಿದ್ದರೆ ತೀರ್ಮಾನದ 15 ದಿನದೊಳಗೆ ಕೇಂದ್ರ ಸರ್ಕಾರಕ್ಕೆ.

ಯಾವ ಸಂಸ್ಥೆ ಎಂಬುದು ಚಾನೆಲ್ ಮೇಲೆ ನಿಂತಿದೆ. ಮನರಂಜನೆಯ ದೊಡ್ಡ ಚಾನೆಲ್‌ಗಳು 2011ರಲ್ಲಿ ಹುಟ್ಟಿದ ಬಿಸಿಸಿಸಿ ಎಂಬ ಮಂಡಳಿಯಡಿ ಇವೆ. ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದರ ಅಧ್ಯಕ್ಷರು. ನ್ಯೂಸ್ ಚಾನೆಲ್ ಅದೇ ತುಣುಕನ್ನು ‘ಬ್ರೇಕಿಂಗ್’ ಎಂದು ದಿನವಿಡೀ ತೋರಿಸಿದರೆ ದಾರಿ ಬೇರೆ: ಅನೇಕ ನ್ಯೂಸ್ ಚಾನೆಲ್‌ಗಳು ಎನ್‌ಬಿಡಿಎಸ್‌ಎ ಎಂಬ ಪ್ರಾಧಿಕಾರದಡಿ ಬರುತ್ತವೆ, ಅಲ್ಲಿ ಚಾನೆಲ್‌ಗೆ ದೂರು ಕೊಡಲು ಮೊದಲ ಪ್ರಸಾರದಿಂದ ಏಳೇ ದಿನ. ಆದ್ದರಿಂದ ಯಾವುದೇ ದೂರಾದರೂ ಒಂದು ವಾರ ದಾಟಿಸಬೇಡಿ. ‘ನೀವು ಯಾವ ಸ್ವಯಂ ನಿಯಂತ್ರಣ ಸಂಸ್ಥೆಯ ಸದಸ್ಯರು ತಿಳಿಸಿ’ ಎಂಬ ಸಾಲನ್ನು ದೂರಿನಲ್ಲೇ ಸೇರಿಸಿ. ಜಾಹೀರಾತಿಗೆ ಆಸ್ಕಿ, ಶುಲ್ಕವಿಲ್ಲ. ದೂರದರ್ಶನವಾದರೆ ಪ್ರಸಾರ ಭಾರತಿಗೇ ಬರೆಯಬೇಕು. ಒಟಿಟಿಗೆ 2021ರ ಬೇರೆ ನಿಯಮಗಳಿವೆ, ಆದರೆ ಅವುಗಳ ಮುಖ್ಯ ಭಾಗವೊಂದಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷ ತಡೆ ಕೊಟ್ಟಿತು. ಆ ಕಂಪನಿಗಳ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಅದೊಂದನ್ನೇ ನೆಚ್ಚಿ ಕೂರಬೇಡಿ.

ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯುವವರಿಗೆ: ಸಂವಿಧಾನದ 350ನೇ ವಿಧಿಯಂತೆ ಕೇಂದ್ರದ ಯಾವುದೇ ಅಧಿಕಾರಿಗೆ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕು ನಿಮಗಿದೆ. ‘ಇಂಗ್ಲಿಷಿನಲ್ಲಿ ಬರೆದುಕೊಂಡು ಬನ್ನಿ’ ಎಂದು ವಾಪಸ್ ಕಳಿಸಿದರೆ ಹಾಗೆಂದು ಬರೆದುಕೊಡಿ ಎಂದು ಕೇಳಿ.

ಊರಿನ ಕೇಬಲ್‌ನವರು ತಾವೇ ನಡೆಸುವ ಲೋಕಲ್ ಚಾನೆಲ್‌ನಲ್ಲಿ ರಾತ್ರಿ ಏನಾದರೂ ಹಾಕಿದರೆ ದೆಹಲಿಯ ತನಕ ಹೋಗಬೇಕಿಲ್ಲ. 1995ರ ಕೇಬಲ್ ಕಾಯ್ದೆಯಡಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸ್ ಕಮಿಷನರ್ ಇವರೇ ಅಧಿಕೃತ ಅಧಿಕಾರಿಗಳು, ಪ್ರಸಾರ ನಿಲ್ಲಿಸುವ ಅಧಿಕಾರವೂ ಅವರಿಗಿದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಉಸ್ತುವಾರಿ ಸಮಿತಿ ಇರಬೇಕು, ಅದರಲ್ಲಿ ಮಹಿಳಾ ಕಾಲೇಜಿನ ಪ್ರಾಂಶುಪಾಲರೂ ಮಹಿಳೆಯರ, ಮಕ್ಕಳ ಪರ ಕೆಲಸ ಮಾಡುವವರೂ ಕೂರಬೇಕೆಂದು ಕೇಂದ್ರ 2008ರಲ್ಲೇ ಆದೇಶಿಸಿದೆ. ನಾನು ಹೋದ ಕಚೇರಿಯೊಂದರಲ್ಲಿ ಸಂಬಂಧಪಟ್ಟ ಗುಮಾಸ್ತರಿಗೆ ಇಂಥದ್ದೊಂದು ಸಮಿತಿ ಇದೆಯೆಂದೇ ಗೊತ್ತಿರಲಿಲ್ಲ, ಗೊತ್ತಿಲ್ಲವೆನ್ನಲು ಸಂಕೋಚವೂ ಇರಲಿಲ್ಲ. ಇಂಥಲ್ಲಿ ಜಗಳ ಬೇಡ. 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಸಮಿತಿ ಕಡೆಯದಾಗಿ ಸಭೆ ಸೇರಿದ್ದು ಯಾವಾಗ, ನಡಾವಳಿ ಪ್ರತಿ ಕೊಡಿ ಎಂದು ಕೇಳಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಮೀರಿದರೆ ಅದೇ ನೆಪದಲ್ಲಿ ತಳ್ಳಿಹಾಕುತ್ತಾರೆ.

ಪೊಲೀಸ್ ಠಾಣೆಗೆ ಮೊದಲೇ ಓಡಬೇಡಿ. ಕೇಬಲ್ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು 2023ರಲ್ಲಿ ತೆಗೆದು ಎಚ್ಚರಿಕೆ, ದಂಡಕ್ಕೆ ಇಳಿಸಲಾಗಿದೆ. ಆದರೆ ಕಥೆಯಲ್ಲಲ್ಲ, ನಿಜವಾಗಿ ಒಬ್ಬ ಹೆಣ್ಣಿಗೆ ಅನ್ಯಾಯವಾಗಿದ್ದರೆ, ಅಂದರೆ ಸೆಟ್‌ನಲ್ಲಿ ಕಿರುಕುಳ, ಒಪ್ಪಿಗೆಯಿಲ್ಲದ ಚಿತ್ರೀಕರಣ ಅಥವಾ ಮಗುವಿನ ದುರ್ಬಳಕೆ ಆಗಿದ್ದರೆ, ಮೇಲೆ ಹೇಳಿದ ಸರದಿ ಯಾವುದೂ ಬೇಡ. ನೇರ ಠಾಣೆಗೆ ಹೋಗಿ. ಯಾವ ಠಾಣೆಯಾದರೂ ಎಫ್‌ಐಆರ್ ದಾಖಲಿಸಬೇಕು, ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಮಾತು ನಡೆಯದು. ಮಹಿಳಾ ಆಯೋಗಕ್ಕೂ ಬರೆಯಬಹುದು. 2024ರ ಅಕ್ಟೋಬರ್‌ನಲ್ಲಿ ಕನ್ನಡ ಬಿಗ್ ಬಾಸ್‌ನ ‘ಸ್ವರ್ಗ-ನರಕ’ ವಿಭಾಗದಲ್ಲಿ ಸ್ಪರ್ಧಿಗಳನ್ನು ನಡೆಸಿಕೊಂಡ ರೀತಿ ಕುರಿತು ರಾಜ್ಯ ಮಹಿಳಾ ಆಯೋಗವೇ ಪೊಲೀಸರಿಗೆ ಪತ್ರ ಬರೆದಿತ್ತು.

ಮಧ್ಯವರ್ತಿಗಳ ವಿಷಯಕ್ಕೆ ಬರುತ್ತೇನೆ. ‘ಸಂಘದಿಂದ ಸಹಿ ಸಂಗ್ರಹ ಮಾಡಿ ಮನವಿ ಕೊಡೋಣ, ಖರ್ಚಿಗೆ ಇಷ್ಟು ಕೊಡಿ’ ಎನ್ನುವವರಿದ್ದಾರೆ. ತಹಸೀಲ್ದಾರರ ಮುಂದೆ ಫೋಟೊ ತೆಗೆಸಿಕೊಳ್ಳುವಲ್ಲಿಗೆ ಅವರ ಹೋರಾಟ ಮುಗಿಯುತ್ತದೆ, ಏಕೆಂದರೆ ತಹಸೀಲ್ದಾರರಿಗೆ ಈ ಕಾಯ್ದೆಯಡಿ ಅಧಿಕಾರವೇ ಇಲ್ಲ. ಇದು ಗೊತ್ತಿದ್ದೇ ಕರೆದೊಯ್ಯುವವರನ್ನು ನಾನು ಕ್ಷಮಿಸಲಾರೆ. ಸಹಿಗಳ ರಾಶಿಯಿಂದ ದೂರು ಗಟ್ಟಿಯಾಗುವುದೂ ಇಲ್ಲ. ಅಮೆರಿಕದಲ್ಲಿ 2004ರ ಸೂಪರ್ ಬೌಲ್ ವೇದಿಕೆಯಲ್ಲಿ ಜಸ್ಟಿನ್ ಟಿಂಬರ್ಲೇಕ್ ಗಾಯಕಿ ಜಾನೆಟ್ ಜಾಕ್ಸನ್ ಅವರ ಮೇಲುಡುಗೆ ಕಿತ್ತು ಎದೆ ಕ್ಷಣಹೊತ್ತು ಕಂಡಿತೆಂದು 5 ಲಕ್ಷಕ್ಕೂ ಹೆಚ್ಚು ದೂರುಗಳು ಹೋದವು, 5.5 ಲಕ್ಷ ಡಾಲರ್ ದಂಡ ಬಿತ್ತು. ದಂಡ ಹಾಕಿದವರು ಮುನ್ಸೂಚನೆಯಿಲ್ಲದೆ ನೀತಿ ಬದಲಿಸಿದ್ದಾರೆಂಬ ಕಾರಣಕ್ಕೆ ನ್ಯಾಯಾಲಯ ಆ ದಂಡವನ್ನೇ ರದ್ದುಮಾಡಿತು. ನಮ್ಮಲ್ಲೂ 2010ರಲ್ಲಿ ಹಿಂದಿ ಬಿಗ್ ಬಾಸನ್ನು ರಾತ್ರಿ 11ರ ನಂತರಕ್ಕೆ ದೂಡಿದ ಸಚಿವಾಲಯದ ಆದೇಶಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತ್ತು.

ದೂರು ಗೆದ್ದರೆ ನಿಮಗೆ ಹಣ ಬರುವುದಿಲ್ಲ. ಚಾನೆಲ್‌ಗೆ ಛೀಮಾರಿ, ಕ್ಷಮೆಯಾಚನೆಯ ಪಟ್ಟಿ, ದೃಶ್ಯಕ್ಕೆ ಕತ್ತರಿ ಅಥವಾ ವೇಳೆ ಬದಲಾವಣೆ ಆಗಬಹುದು. ‘ದುಡ್ಡು ಕೊಡಿಸ್ತೀವಿ’ ಎನ್ನುವ ವಕೀಲರು ಸಿಕ್ಕರೆ ಎದ್ದು ಬನ್ನಿ. ಸ್ವೀಕೃತಿ ಸಂಖ್ಯೆ, ಉತ್ತರ, ತೀರ್ಮಾನ ಎಲ್ಲವನ್ನೂ ಪ್ರಿಂಟ್ ತೆಗೆದು ಒಂದೇ ಫೈಲಿನಲ್ಲಿಡಿ. ಛೀಮಾರಿಯ ನಂತರವೂ ಅದೇ ದೃಶ್ಯ ಭಾನುವಾರದ ಮರುಪ್ರಸಾರದಲ್ಲಿ ಬಂದರೆ ಹೊಸ ತಾರೀಖು, ಹೊಸ ವೇಳೆ ಬರೆದು, ಹಳೆಯ ತೀರ್ಮಾನದ ಪ್ರತಿ ಲಗತ್ತಿಸಿ ಮತ್ತೆ ದೂರು ಕೊಡಿ.