ಕ್ಲೌಡ್ ಜಾಲದ ನಮೂನೆಯೂ ಒಂದು ಲೆಕ್ಕದ ಪುಸ್ತಕ

ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕಿನ ಶಿಲ್ಕಿಗೂ ವ್ಯತ್ಯಾಸ ಬಂದರೆ ಅದು ಬಗೆಹರಿಯುವವರೆಗೆ ವ್ಯಾಪಾರಸ್ಥರಿಗೆ ಸಮಾಧಾನವಿರುವುದಿಲ್ಲ. ಆದರೆ ಬಿಲ್ಲು, ದಾಸ್ತಾನು ಹಾಗೂ ತೆರಿಗೆಯ ಲೆಕ್ಕಗಳನ್ನು ಇರಿಸಿರುವ ಕ್ಲೌಡ್ ಸರ್ವರಿನ ವಿಷಯದಲ್ಲಿ ಇಂತಹ ತಾಳೆ ನೋಡುವವರು ವಿರಳ. ಅದರ ಅಗತ್ಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮೂನೆ ಎಂದರೇನು?

ಕ್ಲೌಡ್ ಎಂದರೆ ಬಾಡಿಗೆಗೆ ಪಡೆದ ದೂರದ ಗಣಕಯಂತ್ರ. ಅದರ ಜಾಲಕ್ಕೆ ಯಾವ ಐ.ಪಿ. ವಿಳಾಸಗಳಿರಬೇಕು, ಯಾವ ಪೋರ್ಟ್ ಯಾರಿಗೆ ತೆರೆದಿರಬೇಕು ಎಂಬುದನ್ನು ಹಿಂದೆ ಎಂಜಿನಿಯರರು ಪರದೆಯ ಮೇಲೆ ಒಂದೊಂದಾಗಿ ನಿಗದಿಪಡಿಸುತ್ತಿದ್ದರು. ಈಗ ಇವೆಲ್ಲವನ್ನೂ ಒಂದು ಕಡತದಲ್ಲಿ ಬರೆದಿಟ್ಟರೆ ತಂತ್ರಾಂಶವೇ ಅದನ್ನೋದಿ ಜಾಲವನ್ನು ನಿರ್ಮಿಸುತ್ತದೆ. ಈ ಕಡತವೇ ಟೆಂಪ್ಲೇಟ್, ಅರ್ಥಾತ್ ನಮೂನೆ. 2011ರಲ್ಲಿ ಬಂದ ಅಮೆಜಾನ್‌ನ ಕ್ಲೌಡ್‌ಫಾರ್ಮೇಶನ್, 2014ರಲ್ಲಿ ಬಂದ ಟೆರಾಫಾರ್ಮ್ ಇಂತಹ ತಂತ್ರಾಂಶಗಳು. ಹೊಸ ಶಾಖೆಗೆ ಅದೇ ಬಗೆಯ ಜಾಲವನ್ನು ಕೆಲವೇ ನಿಮಿಷಗಳಲ್ಲಿ ಸಿದ್ಧಪಡಿಸಬಹುದು. ಆದರೆ ನಮೂನೆಯಲ್ಲಿ ತಪ್ಪಿದ್ದರೆ ಅದೂ ಅಷ್ಟೇ ವೇಗದಲ್ಲಿ ನಕಲಾಗುತ್ತದೆ.

ಒಂದು ಅನುಭವ

ನಮ್ಮ ಕಕ್ಷಿದಾರರಾದ ಸಣ್ಣ ತಯಾರಕರೊಬ್ಬರ ನಮೂನೆಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ 0.0.0.0/0 ಎಂದು, ಅಂದರೆ ಇಡೀ ಜಗತ್ತಿಗೆ, ತೆರೆದಿತ್ತು. ಇದು ಅಪಾಯವೆಂದು ತಿಳಿದ ಕೂಡಲೇ ಎಂಜಿನಿಯರರು ಪರದೆಯ ಮೇಲೆ ಅದನ್ನು ಮುಚ್ಚಿದರು. ಕಡತವನ್ನು ಮಾತ್ರ ತಿದ್ದಲಿಲ್ಲ. ಕೆಲವು ತಿಂಗಳ ನಂತರ ಹೊಸ ಗೋದಾಮಿಗಾಗಿ ಅದೇ ನಮೂನೆಯಿಂದ ಮತ್ತೊಂದು ಸರ್ವರ್ ನಿರ್ಮಿಸಿದಾಗ ಆ ಬಾಗಿಲು ಪುನಃ ತೆರೆದುಕೊಂಡಿತು. ಒಳನುಗ್ಗಿದ ವಂಚಕರು ಬಿಲ್ಲಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿದರು. ಬ್ಯಾಕಪ್ ಇದ್ದುದರಿಂದ ಹಣ ತೆರಬೇಕಾಗಲಿಲ್ಲ. ಆದರೆ ಮೂರು ದಿನಗಳ ಬಿಲ್ಲುಗಳನ್ನು ಕಾಗದದ ಪ್ರತಿ ನೋಡಿ ಮತ್ತೆ ನಮೂದಿಸಬೇಕಾಯಿತು.

ಪಾಲಿಸಬೇಕಾದ ಕ್ರಮಗಳು

1. ನಮೂನೆಯ ಮೂಲಪ್ರತಿ ಒಂದೇ ಇರಲಿ. ಅದು ಎಂಜಿನಿಯರರ ಲ್ಯಾಪ್‌ಟಾಪಿನಲ್ಲಿರದೆ ಸಂಸ್ಥೆಯ ಖಾತೆಯಲ್ಲಿರಲಿ. ಗಿಟ್‌ನಂತಹ ತಂತ್ರಾಂಶದಲ್ಲಿಟ್ಟರೆ ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ದಾಖಲೆ ಉಳಿಯುತ್ತದೆ.

2. ವೋಚರ್ ಇಲ್ಲದೆ ಪಾವತಿ ಸಲ್ಲದು. ಹಾಗೆಯೇ ಕಡತವನ್ನು ತಿದ್ದದೆ ಜಾಲವನ್ನು ತಿದ್ದಬಾರದು. ತುರ್ತಿನಲ್ಲಿ ಪರದೆಯ ಮೇಲೆ ಬದಲಿಸಿದರೆ ಅದೇ ದಿನ ಕಡತಕ್ಕೆ ಏರಿಸಬೇಕು.

3. ಶಾಖೆಗೊಂದು ನಕಲು ಕಡತ ಬೇಡ. ಬದಲಾಗುವ ಹೆಸರು, ವಿಳಾಸಗಳನ್ನಷ್ಟೇ ಪ್ರತ್ಯೇಕವಾಗಿಡಬೇಕು. ಕಾರ್ಖಾನೆಗೆ 10.10.0.0/16, ಕಚೇರಿಗೆ 10.20.0.0/16 ಎಂಬಂತೆ ಬೇರೆ ಬೇರೆ ಶ್ರೇಣಿ ಕೊಡಬೇಕು. ಒಂದೇ ಶ್ರೇಣಿ ಕೊಟ್ಟರೆ ಮುಂದೆ ಎರಡನ್ನೂ ಜೋಡಿಸುವಾಗ ತೊಡಕಾಗುತ್ತದೆ.

4. ಪಾಸ್‌ವರ್ಡ್‌ಗಳನ್ನು ನಮೂನೆಯಲ್ಲಿ ಎಂದಿಗೂ ಬರೆಯಬಾರದು.

5. ತಿಂಗಳಿಗೊಮ್ಮೆ ತಾಳೆ ನೋಡಬೇಕು. ಟೆರಾಫಾರ್ಮ್‌ನ ‘ಪ್ಲಾನ್’ ಆಜ್ಞೆ ಜಾಲವನ್ನು ಬದಲಿಸದೆಯೇ ವ್ಯತ್ಯಾಸವನ್ನು ತೋರಿಸುತ್ತದೆ. ಕ್ಲೌಡ್‌ಫಾರ್ಮೇಶನ್‌ನಲ್ಲಿ ಈ ಸೌಲಭ್ಯ 2018ರಿಂದ ಇದೆ. ಪಟ್ಟಿಯಲ್ಲಿ ‘ಡಿಸ್ಟ್ರಾಯ್’ ಎಂಬ ಪದ ಕಂಡರೆ ನಿಲ್ಲಬೇಕು. ಇರುವುದನ್ನು ಅಳಿಸಲಾಗುವುದು ಎಂದು ಅದರ ಅರ್ಥ. ನಮೂನೆಯ ಹೊರಗೆ ಕೈಯಿಂದ ನಿರ್ಮಿಸಿದ್ದು ಈ ಪಟ್ಟಿಯಲ್ಲಿ ಕಾಣಿಸದು. ಆದ್ದರಿಂದ ದಾಸ್ತಾನಿನ ಭೌತಿಕ ತಪಾಸಣೆಯಂತೆ ಖಾತೆಯನ್ನೂ ಖುದ್ದಾಗಿ ಪರಿಶೀಲಿಸಬೇಕು.

ಕಾನೂನಿನ ದೃಷ್ಟಿ

ಸರ್ಟ್-ಇನ್ ಸಂಸ್ಥೆಯ 28-4-2022ರ ನಿರ್ದೇಶನದಂತೆ ಕಂಪನಿಗಳು ಇಂತಹ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್ ಕಾಯ್ದಿಡಬೇಕು. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರಲ್ಲಾದ ತಿದ್ದುಪಡಿಯ ಮೇರೆಗೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿರುವ ಸರ್ವರಿಗೆ ಸೇರಬೇಕು. ಲಾಗ್ ಮತ್ತು ಬ್ಯಾಕಪ್ಪಿನ ಏರ್ಪಾಡನ್ನು ನಮೂನೆಯಲ್ಲೇ ಬರೆದಿಟ್ಟರೆ ಹೊಸ ಶಾಖೆ ತೆರೆಯುವಾಗ ಅವು ಮರೆತುಹೋಗುವುದಿಲ್ಲ.

ಕಡತವನ್ನು ಬರೆಯುವುದು ಎಂಜಿನಿಯರರ ಕೆಲಸ. ಅದು ತಾಳೆಯಾಗಿದೆಯೇ ಎಂದು ಪ್ರತಿ ತಿಂಗಳು ಕೇಳುವುದು ಮಾಲೀಕರ ಕೆಲಸ. ಮುಂದಿನ ತಿಂಗಳು ಬ್ಯಾಂಕ್ ತಾಳೆಪಟ್ಟಿಗೆ ಸಹಿ ಹಾಕುವಾಗ ಈ ಪಟ್ಟಿಯನ್ನೂ ತರಿಸಿಕೊಳ್ಳುವುದು ಒಳಿತು.