ಮೊಸರಿಗೂ ವಯಸ್ಸಿದೆ

ಮೊಸರಿನ ವಿಚಾರದಲ್ಲಿ ಈ ಅಂಕಣಕ್ಕೆ ಪತ್ರಗಳು ಹೆಚ್ಚಾಗಿ ಎರಡು ಕಾಲದಲ್ಲಿ ಬರುತ್ತವೆ. ಚಳಿಗಾಲದಲ್ಲಿ ‘ಹೆಪ್ಪಾಗುತ್ತಿಲ್ಲ’ ಎಂದು, ಬೇಸಿಗೆಯಲ್ಲಿ ‘ಹುಳಿ, ಬಾಯಿಗಿಡಲಾಗುತ್ತಿಲ್ಲ’ ಎಂದು. ಈ ಸಲ ಬಂದವೆಲ್ಲ ಹುಳಿಯ ದೂರುಗಳೇ. ‘ನಮಗೆ ಮೊಸರೇ ಇಷ್ಟವಿಲ್ಲ’ ಎಂದು ಹಲವರು ಬರೆದಿದ್ದಾರೆ. ಪತ್ರಗಳನ್ನು ಓದಿದ ಮೇಲೆ ನನಗನಿಸಿದ್ದು, ಇವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇಷ್ಟವಿಲ್ಲದಿರುವುದು ಹಳೆಯ ಮೊಸರು. ಹೊಸದನ್ನು ಅವರು ತಿಂದೇ ಇಲ್ಲ.

ಪ್ರಶ್ನೆ: ಇಬ್ಬರು ಗೆಳೆಯರ ಜೊತೆ ಮನೆ ಮಾಡಿಕೊಂಡಿದ್ದೇನೆ. ರಾತ್ರಿ ಒಂಬತ್ತಕ್ಕೆ ಹಾಲು ಕಾಯಿಸಿ ಹೆಪ್ಪು ಹಾಕುತ್ತೇನೆ. ಬೆಳಗ್ಗೆ ಎದ್ದು ನೋಡಿದರೆ ಮೇಲೆ ನೀರು ನಿಂತಿರುತ್ತದೆ, ಹಲ್ಲು ಚುಳ್ ಎನ್ನುವಷ್ಟು ಹುಳಿ. ಗಟ್ಟಿಯಾಗಲಿ ಎಂದು ಎರಡು ದೊಡ್ಡ ಚಮಚ ಹೆಪ್ಪು ಹಾಕುತ್ತಿದ್ದೇನೆ. ಅಮ್ಮನನ್ನು ಕೇಳಿದರೆ ‘ನಿನ್ನ ಕೈಗುಣ’ ಅಂತಾರೆ. ತಪ್ಪು ಎಲ್ಲಿ?
— ಐ.ಟಿ. ಉದ್ಯೋಗಿ, ಬೆಂಗಳೂರು

ಉತ್ತರ: ತಪ್ಪು ಕೈಯದಲ್ಲ, ಗಡಿಯಾರದ್ದು. ಹೆಪ್ಪಿನ ಜೊತೆ ಹಾಲಿಗಿಳಿಯುವ ಬ್ಯಾಕ್ಟೀರಿಯಾಗಳು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹಾಲಿನ ಪಿಎಚ್ ಸುಮಾರು 6.6. ಆಮ್ಲ ಹೆಚ್ಚಿದಂತೆ ಅದು ಇಳಿಯುತ್ತದೆ, 4.6ರ ಹತ್ತಿರ ಬರುವಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಹಾಲು ಗಟ್ಟಿಯಾಗುತ್ತದೆ. ‘ಮೊಸರಾಯಿತು’ ಎಂದು ನಾವು ಹೇಳುವುದು ಆ ಗಳಿಗೆಗೆ. ಆದರೆ ಒಳಗಿರುವವರಿಗೆ ಅದರ ಸುದ್ದಿಯೇ ಇರುವುದಿಲ್ಲ. ಅವರು ಕೆಲಸ ಮಾಡುತ್ತಲೇ ಇರುತ್ತಾರೆ.

ಆ ಕೆಲಸದಲ್ಲೂ ಪಾಳಿಗಳಿವೆ. ಹೆಪ್ಪಿನಲ್ಲಿ ದುಂಡನೆಯ ಬ್ಯಾಕ್ಟೀರಿಯಾಗಳಿವೆ, ಕಡ್ಡಿಯಂಥವೂ ಇವೆ. ಮೊದಲು ಚುರುಕಾಗುವವು ದುಂಡನೆಯವು. ಹುಳಿ ಏರಿದ ಹಾಗೆ ಅವು ಸುಸ್ತಾಗುತ್ತವೆ, ಹುಳಿಗೆ ಜಗ್ಗದ ಕಡ್ಡಿಗಳು ಎರಡನೇ ಪಾಳಿ ಹಿಡಿಯುತ್ತವೆ. ಚುರುಕು ಹುಳಿ ಬರುವುದು ಆಮೇಲೆ. ನೀವು ಹಾಸಿಗೆಯಿಂದ ಏಳುವ ಹೊತ್ತಿಗೆ ಎರಡನೇ ಪಾಳಿಯೂ ಮುಗಿದು ಓವರ್‌ಟೈಮ್ ನಡೆದಿರುತ್ತದೆ. ಸಾಲದ್ದಕ್ಕೆ ಆ ಹುಳಿ ಮೊಸರಿನಿಂದಲೇ ಮರುದಿನದ ಹೆಪ್ಪು ತೆಗೆಯುತ್ತೀರಿ. ಮೊದಲ ಪಾಳಿಯವರು ಕಡಿಮೆಯಾಗಿ, ದಿನದಿಂದ ದಿನಕ್ಕೆ ಮೊಸರು ಇನ್ನಷ್ಟು ಹುಳಿಯಾಗುತ್ತದೆ.

ಹೆಚ್ಚು ಹೆಪ್ಪು ಹಾಕಿದರೆ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚು ಹೆಪ್ಪಿನಿಂದ ಬೇಗ ಹುಳಿಯಾಗುತ್ತದೆ, ಅಷ್ಟೇ. ಗಟ್ಟಿತನ ಬರುವುದು ಹಾಲಿನಿಂದ. ಉಕ್ಕಿದ ಕೂಡಲೇ ಒಲೆ ಆರಿಸಬೇಡಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತಾ ಕಾಯಿಸಿ. ನೀರು ಆರುವುದಲ್ಲದೆ, ಆ ಬಿಸಿಗೆ ಹಾಲಿನ ಇನ್ನೊಂದು ಜಾತಿಯ ಪ್ರೋಟೀನು ಸ್ವರೂಪ ಬದಲಿಸಿ ಕೇಸಿನ್‌ಗೆ ಅಂಟಿಕೊಳ್ಳುತ್ತದೆ. ಮೊಸರು ನೀರೊಡೆಯುವುದು ಕಡಿಮೆಯಾಗುತ್ತದೆ.

ಆಮೇಲೆ ಹಾಲನ್ನು ಆರಲು ಬಿಡಿ. ಕಿರುಬೆರಳು ಅದ್ದಿ ನಿಧಾನವಾಗಿ ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲು ಆಗಬೇಕು, ಸುಮಾರು 40 ಡಿಗ್ರಿ. ಅರ್ಧ ಲೀಟರಿಗೆ ಬೇಸಿಗೆಯಲ್ಲಿ ಅರ್ಧ ಟೀ ಚಮಚ ಹೆಪ್ಪು ಸಾಕು, ಚಳಿಯಲ್ಲಿ ಒಂದೂವರೆ. ಸಂಜೆ ಆರಕ್ಕೆ ಹಾಕಿ, ಮಲಗುವ ಮುಂಚೆ ಪಾತ್ರೆಯನ್ನು ಸ್ವಲ್ಪ ವಾಲಿಸಿ ನೋಡಿ. ಮೊಸರು ಒಂದೇ ಮುದ್ದೆಯಾಗಿ ಅಂಚು ಬಿಟ್ಟರೆ ಆಗಿದೆ ಎಂದರ್ಥ, ಫ್ರಿಜ್ಜಿಗೆ ಹೋಗಲಿ. ಫ್ರಿಜ್ಜಿನಲ್ಲಿ ಹುಳಿಯಾಗುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಸಂಜೆ ಮನೆಯಲ್ಲಿರುವುದಿಲ್ಲ ಎನ್ನುವಿರಾದರೆ ರಾತ್ರಿ ಹನ್ನೊಂದಕ್ಕೆ, ಪೂರ್ತಿ ಆರಿದ ಹಾಲಿಗೆ ಕಾಲು ಚಮಚ ಹಾಕಿ ಮಲಗಿ. ಬೆಳಗ್ಗೆ ಆರೂವರೆಗೆ ಅಲಾರಂ ಇಡಬೇಕಾದೀತು, ಅದೊಂದೇ ಕಷ್ಟ.

ಹೊಸ ಮೊಸರು ಬಡಿಸುವ ಮೊದಲೇ ಒಂದು ಚಮಚ ತೆಗೆದು ಸಣ್ಣ ಡಬ್ಬಿಯಲ್ಲಿ ಮುಚ್ಚಿಡಿ. ಅದೇ ನಾಳೆಯ ಹೆಪ್ಪು. ನಮ್ಮತ್ತೆ ಇದನ್ನು ದೇವರ ನೈವೇದ್ಯದಷ್ಟೇ ಕಟ್ಟುನಿಟ್ಟಾಗಿ ಎತ್ತಿಡುತ್ತಿದ್ದರು. ನಾನು ಡೇರಿ ವಿಜ್ಞಾನದ ಪದವಿ ಪಡೆದು ಬಂದ ಹೊಸತರಲ್ಲಿ, ಸುಡುವ ಹಾಲಿಗೆ ಆ ಹೆಪ್ಪನ್ನು ಸುರಿದು ಪೂರ್ತಿ ಕೊಂದಿದ್ದೆ. ಅವರು ಏನೂ ಅನ್ನಲಿಲ್ಲ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದರು.

ಪ್ರಶ್ನೆ: ಎರಡನೇ ತರಗತಿಯ ಮಗ ಡಬ್ಬಿಯಲ್ಲಿ ಮೊಸರನ್ನ ಹಾಕಿದರೆ ಹಾಗೇ ವಾಪಸ್ ತರುತ್ತಾನೆ. ‘ವಾಸನೆ, ಹುಳಿ’ ಅಂತಾನೆ. ಅದೇ ಹುಡುಗ ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿ ಚಪ್ಪರಿಸುತ್ತಾನೆ! ಸಕ್ಕರೆ ಹಾಕಿ ಕೊಟ್ಟರೆ ಅಭ್ಯಾಸ ಕೆಡುತ್ತದಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಹುಣಸೆಕಾಯಿ ಹುಳಿ ಅಂತ ಗೊತ್ತಿದ್ದೇ ಬಾಯಿಗಿಡುತ್ತಾನೆ. ಅನ್ನ ಹುಳಿಯಾಗಿರುತ್ತದೆ ಅಂತ ಅವನು ಅಂದುಕೊಂಡಿರುವುದಿಲ್ಲ. ಮಗು ಹೇಳುವುದರಲ್ಲಿ ನ್ಯಾಯವಿದೆ. ಬೆಳಗ್ಗೆ ಏಳಕ್ಕೆ ಬಿಸಿ ಅನ್ನಕ್ಕೆ ಮೊಸರು ಕಲಸಿ ಮುಚ್ಚಳ ಹಾಕಿದರೆ ಆ ಡಬ್ಬಿಯೇ ಹೆಪ್ಪಿನ ಪಾತ್ರೆ. ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯಾಗದೆ ಇನ್ನೇನಾಗುತ್ತದೆ?

ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಅನ್ನಕ್ಕೆ ಕಲಸುತ್ತಿದ್ದದ್ದು ಹಾಲು. ಮೊಸರು ಹೆಸರಿಗೆ ಒಂದು ಚಮಚ. ತಿನ್ನುವ ಹೊತ್ತಿಗೆ ಆ ಹಾಲು ಅಲ್ಲೇ ಮೊಸರಾಗಿರುತ್ತಿತ್ತು, ಅದೂ ಆಗಷ್ಟೇ ಆದ ಸಿಹಿ ಮೊಸರು. ನೀವೂ ಹಾಗೇ ಮಾಡಿ. ಅಂದು ಬೆಳಗ್ಗೆ ಮಾಡಿದ ಅನ್ನವೇ ಆಗಬೇಕು, ರಾತ್ರಿ ಉಳಿದದ್ದು ಬೇಡ. ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಚಮಚದ ಹಿಂಬದಿಯಿಂದ ಹಿಸುಕಿ, ಆರಲು ಬಿಡಿ. ಒಂದು ಕಪ್ ಅನ್ನಕ್ಕೆ ಮುಕ್ಕಾಲು ಕಪ್ ಕಾಯಿಸಿ ಆರಿಸಿದ ಹಾಲು, ಒಂದು ಚಮಚ ಹೊಸ ಮೊಸರು, ಗೋಲಿಯಷ್ಟು ಬೆಣ್ಣೆ. ಕಲಸಿದಾಗ ಪಾಯಸದ ಹಾಗೆ ತೆಳ್ಳಗಿದೆಯಲ್ಲಾ ಎಂದು ಹೆದರಬೇಡಿ, ಅನ್ನ ಹೀರಿಕೊಳ್ಳುತ್ತದೆ. ಸಾಸಿವೆ, ಉದ್ದಿನಬೇಳೆ, ಚಿಟಿಕೆ ಇಂಗು, ಕರಿಬೇವಿನ ಒಗ್ಗರಣೆ ಕೊಡಿ; ಇಂಗು ಮತ್ತು ಕರಿಬೇವು ಅವನು ಹೇಳುವ ‘ವಾಸನೆ’ಯನ್ನು ಮರೆಸುತ್ತವೆ. ದಾಳಿಂಬೆ ಕಾಳು ಅಥವಾ ದ್ರಾಕ್ಷಿ ಹಾಕಿದರೆ ಹುಳಿಯ ನಡುವೆ ಸಿಹಿ ಸಿಗುತ್ತದೆ. ಮೆಂತೆ ಹಾಕಿದ ಉಪ್ಪಿನಕಾಯಿಯನ್ನು ಜೊತೆಗೆ ಇಡಬೇಡಿ, ಹುಳಿಯ ಮೇಲೆ ಕಹಿ ಸೇರಿದರೆ ಮಕ್ಕಳಿಗೆ ಆಗುವುದಿಲ್ಲ.

ಪ್ಲಾಸ್ಟಿಕ್ ಡಬ್ಬಿಯಾದರೆ ಬದಲಿಸಿ. ಹಳೆಯ ಹುಳಿಯ ನಾತ ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತದೆ, ಸ್ಟೀಲಿನಲ್ಲಿ ಉಳಿಯುವುದಿಲ್ಲ.

ಸಕ್ಕರೆಯ ಮಾತು: ಸಕ್ಕರೆ ಆಮ್ಲವನ್ನು ಕಡಿಮೆ ಮಾಡುವುದಿಲ್ಲ, ನಾಲಿಗೆಗೆ ಮರೆ ಮಾಡುತ್ತದೆ. ಮೊದಲ ಒಂದೆರಡು ವಾರ ಸ್ವಲ್ಪ ಹಾಕಿ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ. ಬಾಳೆಹಣ್ಣು ಕಿವುಚಿ ಹಾಕಿದರೆ ಇನ್ನೂ ಒಳ್ಳೆಯದು. ಮೊಸರಿಗೆ ಜೊತೆಗಾರ ಬೇಕು ಎನ್ನುವುದು ಇವತ್ತಿನ ಮಾತೂ ಅಲ್ಲ. ರಾತ್ರಿ ಮೊಸರು ತಿನ್ನಬೇಡಿ ಎನ್ನುವ ಚರಕ ಸಂಹಿತೆಯ ಸಾಲನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ತುಪ್ಪ, ಸಕ್ಕರೆ, ಹೆಸರುಕಾಳಿನ ಕಟ್ಟು, ಜೇನು, ನೆಲ್ಲಿಕಾಯಿ ಇವುಗಳ ಜೊತೆಯಿಲ್ಲದೆ ತಿನ್ನಬಾರದೆಂದು ಅದೇ ಜಾಗದಲ್ಲಿ ಹೇಳಿರುವುದನ್ನು ಮರೆಯುತ್ತಾರೆ.

ಪ್ರಶ್ನೆ: ನಮ್ಮ ಕಡೆ ಎಮ್ಮಿ ಹಾಲಿನ ಗಟ್ಟಿ ಮಸರು, ಮ್ಯಾಲ ಶೇಂಗಾ ಹಿಂಡಿ, ಜೋಳದ ರೊಟ್ಟಿ. ಬೆಂಗಳೂರಾಗಿರೋ ಮೊಮ್ಮಗಳು ಸೂಟಿಗೆ ಬಂದಾಗ ಬಟ್ಟಲಗಟ್ಟಲೆ ತಿಂತಾಳ. ಅಲ್ಲಿಗೆ ಹೋದ ಮ್ಯಾಲ ಮಸರು ಮುಟ್ಟಂಗಿಲ್ಲಂತ. ಯಾಕ್ರೀ?
— ಒಬ್ಬ ಅಜ್ಜ, ವಿಜಯಪುರ

ಉತ್ತರ: ಯಜಮಾನರ, ನಿಮ್ಮ ಮೊಮ್ಮಗಳ ನಾಲಿಗೆ ಸರಿ ಐತಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು 7 ಪರ್ಸೆಂಟ್ ಇರುತ್ತದೆ. ಪೇಟೆಯ ಟೋನ್ಡ್ ಹಾಲಿನಲ್ಲಿ 3. ಕೆನೆಯ ಕೊಬ್ಬು ನಾಲಿಗೆಯ ಮೇಲೆ ತೆಳ್ಳಗೆ ಹರಡಿ ಹುಳಿಯ ಮೊನೆಯನ್ನು ಮೊಂಡು ಮಾಡುತ್ತದೆ. ಅಷ್ಟೇ ಆಮ್ಲವಿರುವ ಎರಡು ಮೊಸರಿನಲ್ಲಿ ಕೆನೆ ಇರುವುದು ಸಿಹಿ ಅನಿಸುತ್ತದೆ, ನೀರಾಗಿರುವುದು ಚುಚ್ಚುತ್ತದೆ. ನಿಮ್ಮಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುವುದಾದರೆ ಇನ್ನೊಂದು ಲಾಭ: ಗಡಿಗೆ ನೀರಿನಂಶ ಹೀರುತ್ತದೆ, ಹೊರಮೈಯಿಂದ ಅದು ಆರಿದಂತೆ ಒಳಗೆ ತಂಪಾಗುತ್ತದೆ, ಮೊಸರು ತಡವಾಗಿ ಹುಳಿಯಾಗುತ್ತದೆ. ಮಗನ ಮನೆಯಲ್ಲಿ 6 ಪರ್ಸೆಂಟ್ ಕೊಬ್ಬಿನ ಫುಲ್ ಕ್ರೀಮ್ ಹಾಲು ತಂದು ಹೆಪ್ಪು ಹಾಕಲು ಹೇಳಿ. ಶೇಂಗಾ ಹಿಂಡಿ ನೀವೇ ಕಳಿಸಿ.

ಪ್ರಶ್ನೆ: ಹುಳಿ ಮೊಸರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸರಿಯಾಗುತ್ತದೆ ಎಂದು ನೆರೆಯವರು ಹೇಳಿದರು.
— ಗೃಹಿಣಿ, ತುಮಕೂರು

ಉತ್ತರ: ಆಮ್ಲ ಕಡಿಮೆಯಾಗುತ್ತದೆ, ನಿಜ. ಜೊತೆಗೆ ನೊರೆ ಬರುತ್ತದೆ, ಸಾಬೂನಿನ ರುಚಿಯೂ ಬರುತ್ತದೆ. ಬೇಡ. ತಣ್ಣಗಿನ ಹಾಲು ಅಥವಾ ಒಂದು ಚಮಚ ಕೆನೆ ಬೆರೆಸಿ ಆಗಲೇ ತಿಂದುಬಿಡಿ. ಇಟ್ಟರೆ ಆ ಹಾಲೂ ಹುಳಿಯಾಗುತ್ತದೆ.

ಪ್ರಶ್ನೆ: ನಮ್ಮವರಿಗೆ ಮೊಸರು ಕಂಡರಾಗದು, ಬಟ್ಟಲು ಎದುರಿಗಿದ್ದರೂ ಮುಖ ತಿರುಗಿಸುತ್ತಾರೆ. ಆದರೆ ಒಂದೆಲಗದ ತಂಬುಳಿ ಎರಡು ಲೋಟ ಕುಡಿಯುತ್ತಾರೆ. ಅದರಲ್ಲಿರುವುದೂ ಮಜ್ಜಿಗೆಯೇ ಅಲ್ಲವೇ?
— ಓದುಗರು, ಸಾಗರ

ಉತ್ತರ: ಅವರಿಗೆ ನೀವು ಅದನ್ನು ಹೇಳದಿದ್ದರೆ ಸಾಕು! ತಂಬುಳಿಯಲ್ಲಿ ಹುಳಿಗೆ ಮೂರು ಕಡೆಯಿಂದ ಅಂಕುಶ ಬೀಳುತ್ತದೆ. ನುಣ್ಣಗೆ ರುಬ್ಬಿದ ತೆಂಗಿನಕಾಯಿಯ ಕೊಬ್ಬು ಒಂದು, ಕಡೆದು ನೀರು ಬೆರೆಸಿದ್ದರಿಂದ ತೆಳುವಾದ ಆಮ್ಲ ಇನ್ನೊಂದು, ತುಪ್ಪದಲ್ಲಿ ಹುರಿದ ಜೀರಿಗೆ ಮತ್ತು ಸೊಪ್ಪಿನ ಪರಿಮಳ ಮತ್ತೊಂದು. ಮಲೆನಾಡಿನವರು ದೊಡ್ಡಪತ್ರೆ, ಮೆಂತೆ, ಶುಂಠಿ, ದಾಳಿಂಬೆ ಸಿಪ್ಪೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಂಬುಳಿ ಮಾಡುತ್ತಾರೆ. ಮೊಸರು ಸೇರದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಅವರಿಗೆ ಸೌತೆಕಾಯಿ ಮೊಸರುಬಜ್ಜಿಯನ್ನೂ ತೆಂಗಿನತುರಿ ಹಾಕಿ, ಊಟಕ್ಕೆ ಕೂರುವಾಗಷ್ಟೇ ಕಲಸಿ ಕೊಟ್ಟು ನೋಡಿ.

ಒಂದು ವಿಷಯ ಮಾತ್ರ ಗಮನಿಸಿ. ಮೊಸರು ತಿಂದರೆ ಹೊಟ್ಟೆ ಉಬ್ಬರ, ಮೈ ತುರಿಕೆ ಏನಾದರೂ ಆಗುತ್ತದೆಯೇ ಎಂದು ಕೇಳಿ. ಲ್ಯಾಕ್ಟೋಸ್ ಜೀರ್ಣಿಸಿಕೊಳ್ಳಲಾಗದ ಅನೇಕರಿಗೆ ಹಾಲಿಗಿಂತ ಮೊಸರು ಒಗ್ಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿ ಇದ್ದವರಿಗೆ ಒಗ್ಗುವುದಿಲ್ಲ. ಅಂಥ ಅನುಮಾನವಿದ್ದರೆ ವೈದ್ಯರನ್ನು ಕಾಣಿ, ಪಾಕವಿಧಾನ ಹುಡುಕಬೇಡಿ. ಬರೀ ಇಷ್ಟವಿಲ್ಲ ಎಂದಾದರೆ ಬಲವಂತವೂ ಬೇಡ. ಕ್ಯಾಲ್ಸಿಯಂಗೆ ರಾಗಿಮುದ್ದೆ ಇದೆಯಲ್ಲ.

ಪ್ರಶ್ನೆ: ಷಿಕಾಗೋದಲ್ಲಿದ್ದೇವೆ. ಇಲ್ಲಿನ ಅಂಗಡಿಯ ಯೋಗರ್ಟ್ ಊರಿನ ಮೊಸರಿನ ಹಾಗಿಲ್ಲ. ಗ್ರೀಕ್ ಯೋಗರ್ಟ್ ಗಟ್ಟಿಯಿದೆ, ಆದರೆ ಹುಳಿ ಜಾಸ್ತಿ. ಮೊಸರನ್ನದ ಆಸೆಯೇ ಹೋಗಿದೆ.
— ಅನಿವಾಸಿ ಓದುಗರು

ಉತ್ತರ: ಸಂಸಾರವೇ ಬೇರೆ. ಯೋಗರ್ಟ್ ಎಂದು ಮಾರಬೇಕಾದರೆ ಅಮೆರಿಕದ ನಿಯಮದ ಪ್ರಕಾರ ಎರಡು ಬ್ಯಾಕ್ಟೀರಿಯಾ ಇರಲೇಬೇಕು. ಅವುಗಳಲ್ಲೊಂದು, ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ಗುರುತಿಸಿದ ಬಲ್ಗೇರಿಕಸ್. ಅದು ಹುಳಿ ಮಾಡುವುದರಲ್ಲಿ ನಿಸ್ಸೀಮ, ಜೊತೆಗೆ ಹಸಿರು ಸೇಬಿನಂಥ ಚುರುಕು ವಾಸನೆ ಕೊಡುತ್ತದೆ. ನಮ್ಮ ಮನೆಯ ಹೆಪ್ಪಿನಲ್ಲಿ ಬೆಣ್ಣೆಯ ಘಮ ಕೊಡುವ ಬೇರೆ ಜಾತಿಗಳೂ ಸೇರಿಕೊಂಡಿರುತ್ತವೆ. ನಿಮ್ಮೂರಲ್ಲಿ ಮನೆ ಮೊಸರು ಮಾಡುವ ಭಾರತೀಯರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರಿಂದ ಒಂದು ಚಮಚ ಹೆಪ್ಪು ಕೇಳಿ. ಸಂಕೋಚ ಬೇಡ, ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಚಳಿಯಲ್ಲಿ ಅವನ್ ಹಚ್ಚದೆ ಅದರ ದೀಪ ಮಾತ್ರ ಉರಿಸಿ ಒಳಗಿಡಿ. ಇನ್ನು ಮನೆಯಲ್ಲಿರುವ ಗ್ರೀಕ್ ಯೋಗರ್ಟಿಗೆ ಪುಡಿ ಸಕ್ಕರೆ, ಕೇಸರಿ, ಏಲಕ್ಕಿ ಹಾಕಿ ಚೆನ್ನಾಗಿ ತಿಕ್ಕಿ: ಶ್ರೀಖಂಡ. ಅದಕ್ಕೆ ಆ ಹುಳಿ ಬೇಕೇ ಬೇಕು. ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕುವ ಕೆಲಸವೂ ಉಳಿಯಿತು.

ಪ್ರಶ್ನೆ: ಎಷ್ಟು ಜಾಗ್ರತೆ ಮಾಡಿದರೂ ವಾರಕ್ಕೊಮ್ಮೆ ಒಂದು ಪಾತ್ರೆ ಹುಳಿ ಮೊಸರು ಉಳಿಯುತ್ತದೆ. ಚೆಲ್ಲಲು ಮನಸ್ಸು ಬರುವುದಿಲ್ಲ.
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಚೆಲ್ಲುವುದೇಕೆ ಟೀಚರ್? ನಮ್ಮ ಅಡುಗೆಯಲ್ಲಿ ಮೊಸರಿನ ಒಂದೊಂದು ವಯಸ್ಸಿಗೂ ಒಂದೊಂದು ಕೆಲಸವಿದೆ. ಅವತ್ತಿನದು ಅನ್ನಕ್ಕೆ, ಮರುದಿನದ್ದು ಮೊಸರುಬಜ್ಜಿಗೆ ಅಥವಾ ಒಗ್ಗರಣೆ ಹಾಕಿದ ನೀರು ಮಜ್ಜಿಗೆಗೆ, ಮೂರನೆಯ ದಿನದ್ದು ಬೂದುಗುಂಬಳದ ಮಜ್ಜಿಗೆ ಹುಳಿಗೆ. ಸಿಹಿ ಮೊಸರಿನಲ್ಲಿ ಮಜ್ಜಿಗೆ ಹುಳಿ ಮಾಡಿದರೆ ಅದು ಸಪ್ಪೆ. ನೆನೆಸಿದ ಕಡಲೆಬೇಳೆಯನ್ನು ಕಾಯಿಯ ಜೊತೆ ರುಬ್ಬಿ ಹಾಕುವುದು ರುಚಿಗೆ ಮಾತ್ರವಲ್ಲ. ಬೇಳೆಯ ಪಿಷ್ಟ ಬಿಸಿಗೆ ಮೊಸರು ಒಡೆಯದಂತೆ ತಡೆಯುತ್ತದೆ. ಆದರೂ ಮೊಸರು ಹಾಕಿದ ಮೇಲೆ ಕುದಿಸಬೇಡಿ, ಒಂದು ಉಕ್ಕು ಬರುವ ಮುಂಚೆ ಇಳಿಸಿ. ಅದಕ್ಕೂ ಹಳೆಯದಾದರೆ ರವೆ ದೋಸೆ ಹಿಟ್ಟಿಗೆ ಹೋಗಲಿ.

ಬೂಷ್ಟು ಬಂದಿದ್ದರೆ ಅಥವಾ ಗುಲಾಬಿ, ಹಳದಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಮನಸ್ಸು ಗಟ್ಟಿ ಮಾಡಿ ಚೆಲ್ಲಿ. ಬರೀ ಹುಳಿ ಹೆಚ್ಚಾಗಿ ಯಾರೂ ಮುಟ್ಟದ ಕೊನೆಯ ಅರ್ಧ ಬಟ್ಟಲು ಉಳಿದಿದ್ದರೆ, ದೇವರಮನೆಯ ಹಿತ್ತಾಳೆ ದೀಪಗಳಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ. ಹೊಳೆಯುತ್ತವೆ.